ಹಿಮದಲ್ಲಿ ಒಂದು ಉಯ್ಯಾಲೆ: ಯುವ ಬರಹಗಾರ್ತಿಗೆ ಪತ್ರ

ಪ್ರೀತಿಯ ತಂಗಿ,

ನಿನ್ನ ಲೇಖನವನ್ನು ಎರಡು ಸಲ ಓದಿದೆ. ಸಿನಿಮಾ ನೋಡುವುದರಿಂದ ಬದುಕಿಗೆ ಅರ್ಥ ಸಿಗುತ್ತದಾ, ನಂಬಿಕೆಗೆ ದಾರಿ ಕಾಣುತ್ತದಾ ಅಂತ ಕೇಳಿಕೊಂಡಿದ್ದೀಯ. ಒಳ್ಳೆಯ ಪ್ರಶ್ನೆ. ಆದರೆ ಉತ್ತರ ಬೇಗ ಬಂದುಬಿಟ್ಟಿದೆ. ಜಪಾನಿನ ನಿರ್ದೇಶಕ ಕುರೊಸಾವಾ 1952ರಲ್ಲಿ ಮಾಡಿದ 'ಇಕಿರು' ಸಿನಿಮಾ ಬಗ್ಗೆ ಮೂರನೇ ಸಾಲಿನಲ್ಲೇ "ಇದು ಬದುಕುವುದನ್ನು ಕಲಿಸುತ್ತದೆ" ಎಂದು ಬರೆದಿದ್ದೀಯ. ಅಲ್ಲಿಗೆ ಓದುವವರಿಗೆ ಹುಡುಕಲು ಏನೂ ಉಳಿಯಲಿಲ್ಲ.

ಆ ಸಿನಿಮಾವನ್ನು ನಾನು ಮೊದಲು ನೋಡಿದ್ದು ಅಪ್ಪ ತೀರಿಕೊಂಡ ವರ್ಷ. ಆಗ ನನಗೆ ಪ್ರಾರ್ಥನೆ ಮಾಡಲು ಆಗುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಸಿಟ್ಟು ಬರುತ್ತಿತ್ತು. ಸುಮ್ನೆ ಹೊತ್ತು ಕಳೆಯಲು ಕೂತೆ. ಸಿನಿಮಾದ ನಾಯಕ ಸುಮಾರು 30 ವರ್ಷ ಸರ್ಕಾರಿ ಕಚೇರಿಯಲ್ಲಿ ಕಾಗದಕ್ಕೆ ಮುದ್ರೆ ಒತ್ತಿದ ಮನುಷ್ಯ. ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾದಾಗ ಮೊದಲು ಕುಡಿತ, ಕುಣಿತ ಅಂತ ಒಂದು ರಾತ್ರಿ ಅಲೆಯುತ್ತಾನೆ. ಸಮಾಧಾನ ಸಿಗುವುದಿಲ್ಲ. ಆಮೇಲೆ, ಕೊಳಚೆ ನೀರು ನಿಂತ ಜಾಗದಲ್ಲಿ ಮಕ್ಕಳಿಗೊಂದು ಪಾರ್ಕು ಮಾಡಿಸಲು ಒಬ್ಬೊಬ್ಬ ಅಧಿಕಾರಿಯ ಮೇಜಿನ ಮುಂದೂ ತಲೆ ಬಾಗಿಸಿ ನಿಲ್ಲುತ್ತಾನೆ.

ಅವನು ಸಾಯುವುದನ್ನು ಕುರೊಸಾವಾ ತೋರಿಸುವುದಿಲ್ಲ. ಅವನ ಫೋಟೋ ಮುಂದೆ ಸೇರಿದ ಸಹೋದ್ಯೋಗಿಗಳ ನಡುವೆ ನಮ್ಮನ್ನು ಕೂರಿಸುತ್ತಾರೆ. ಒಬ್ಬ ಪೊಲೀಸ್ ಬಂದು, ಆ ರಾತ್ರಿ ಅವನನ್ನು ಪಾರ್ಕಿನಲ್ಲಿ ನೋಡಿದೆ ಅನ್ನುತ್ತಾನೆ. ಆಗ ಕಾಣುತ್ತದೆ: ಹಿಮ ಬೀಳುತ್ತಿದೆ, ಅವನು ಉಯ್ಯಾಲೆಯಲ್ಲಿ ಕೂತು ಮೆಲ್ಲಗೆ ಹಾಡುತ್ತಿದ್ದಾನೆ.

ಆ ದೃಶ್ಯದಲ್ಲಿ ದೇವರ ಹೆಸರಿಲ್ಲ. ಆದರೂ ಎಷ್ಟೋ ತಿಂಗಳ ಮೇಲೆ ಅವತ್ತು ಅಪ್ಪನನ್ನು ಸಿಟ್ಟಿಲ್ಲದೆ ನೆನೆದೆ. ನನ್ನ ನಂಬಿಕೆ ಮತ್ತೆ ಉಸಿರಾಡಿದ್ದು ಅಲ್ಲಿಂದಲೇ.

ಇದು ಹೇಗೆ ಆಗುತ್ತದೆ ಅಂತ ತುಂಬಾ ಯೋಚಿಸಿದ್ದೇನೆ. ಅಳುವವರ ಮುಖವನ್ನು ನಾವು ಎಷ್ಟು ಹೊತ್ತು ನೋಡುತ್ತೇವೆ ಹೇಳು. ಮುಜುಗರವಾಗಿ ಕಣ್ಣು ತಿರುಗಿಸಿಬಿಡುತ್ತೇವೆ. ಸಿನಿಮಾದಲ್ಲಿ ನೋಡುತ್ತಲೇ ಇರಬಹುದು. ಡೆನ್ಮಾರ್ಕಿನ ನಿರ್ದೇಶಕ ಡ್ರೈಯರ್ 1928ರಲ್ಲಿ, ಧರ್ಮದ್ರೋಹದ ಆರೋಪ ಹೊತ್ತ ಫ್ರಾನ್ಸಿನ ಹುಡುಗಿ ಜೋನ್ ಆಫ್ ಆರ್ಕ್‌ಳ ವಿಚಾರಣೆಯನ್ನು ಮೂಕಿ ಚಿತ್ರ ಮಾಡಿದರು. ಜೋನ್ ಪಾತ್ರ ಮಾಡಿದ ನಟಿ ಫಾಲ್ಕೊನೆಟ್ಟಿಯ ಮೇಕಪ್ ಇಲ್ಲದ ಮುಖ ಮತ್ತೆ ಮತ್ತೆ ಪರದೆ ತುಂಬುತ್ತದೆ. ಕಣ್ಣೀರು ಇಳಿಯುವುದನ್ನು ನೋಡುತ್ತಾ ನಾವು ಸುಮ್ಮನಾಗುತ್ತೇವೆ. ಪ್ರಾರ್ಥನೆಗೂ ಬೇಕಾದದ್ದು ಇಂಥ ಗಮನವೇ ಅಲ್ವಾ?

ಅನುಮಾನದ ಬಗ್ಗೆ ಬರೆಯಲು ನೀನು ಹೆದರಿದ ಹಾಗಿದೆ. ಹೆದರಬೇಡ. ಪಾದ್ರಿಯ ಮಗನಾಗಿ ಬೆಳೆದ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ 1963ರ 'ವಿಂಟರ್ ಲೈಟ್'ನಲ್ಲಿ ನಂಬಿಕೆ ಕಳೆದುಕೊಳ್ಳುತ್ತಿರುವ ಪಾದ್ರಿಯನ್ನೇ ತೋರಿಸಿದರು. ಧೈರ್ಯ ಕೇಳಲು ಬಂದ ಮೀನುಗಾರನ ಮುಂದೆ ಪಾದ್ರಿ ತನ್ನ ಅನುಮಾನಗಳನ್ನೇ ತೋಡಿಕೊಳ್ಳುತ್ತಾನೆ. ಆ ಮೀನುಗಾರ ಜೀವ ತೆಗೆದುಕೊಳ್ಳುತ್ತಾನೆ. ಕೊನೆಯಲ್ಲಿ ಚರ್ಚು ಹೆಚ್ಚುಕಡಿಮೆ ಖಾಲಿ. ಆದರೂ ಪಾದ್ರಿ ಪೂಜೆ ಶುರು ಮಾಡುತ್ತಾನೆ. ಅದು ನಂಬಿಕೆಯೋ, ಬರೀ ಅಭ್ಯಾಸವೋ? ಚಿಕ್ಕವನಿದ್ದಾಗ ನನಗೆ ಅಭ್ಯಾಸ ಅನ್ನಿಸಿತ್ತು. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಇಂಥ ಕಡೆ ನೀನು ತೀರ್ಪು ಕೊಡಬೇಡ. ಕಂಡದ್ದನ್ನು ಬರೆ, ಕೇಳಿದ್ದನ್ನು ಬರೆ, ಓದುಗರನ್ನು ಆ ಖಾಲಿ ಬೆಂಚುಗಳ ನಡುವೆ ಸ್ವಲ್ಪ ಹೊತ್ತು ಕೂರಲು ಬಿಡು.

ಇನ್ನೊಂದು ಮಾತು. ದೇವರು ಪ್ರತ್ಯಕ್ಷವಾಗುವ ಭಕ್ತಿ ಸಿನಿಮಾಗಳನ್ನು ನೀನು ಒಂದೇ ಏಟಿಗೆ ತಳ್ಳಿಹಾಕಿದ್ದೀಯ. ಪರದೆಗೆ ಕೈಮುಗಿದು ಕಣ್ಣೊರೆಸಿಕೊಳ್ಳುವವರ ಪಕ್ಕದಲ್ಲಿ ನಾನು ಕೂತಿದ್ದೇನೆ. ಆ ಕಣ್ಣೀರು ನಿಜ. ಅವರ ಬಗ್ಗೆ ಬರೆಯುವ ಮುಂಚೆ ಒಮ್ಮೆ ಅವರ ಪಕ್ಕದಲ್ಲಿ ಕೂತು ನೋಡು.

ಕೊನೆಯ ಪುಟದಲ್ಲಿ ನೀನು ಒಂದೇ ಒಂದು ಸಾಲು ಬರೆದು ಮುಂದೆ ಹೋಗಿದ್ದೀಯ. ಉಯ್ಯಾಲೆಯ ದೃಶ್ಯ ಬಂದಾಗ ಅಜ್ಜಿ ಎದ್ದು ಟಿವಿ ಹತ್ತಿರ ಹೋಗಿ ನಿಂತರು ಅಂತ. ಯಾಕೆ ನಿಂತರು? ಏನಾದರೂ ಅಂದರಾ? ಅವರನ್ನು ಕೇಳು. ಅಲ್ಲಿಂದ ಶುರು ಮಾಡಿ ಮತ್ತೆ ಬರೆದು ಕಳಿಸು. ಕಾಯುತ್ತಿರುತ್ತೇನೆ.

ನಿನ್ನ ಅಣ್ಣ