ಚಿನ್ನುವಿನ ಮಾವೋರಿ ಪಾಠ

ಪ್ರೀತಿಯ ಪುಟ್ಟಿಗೆ ಆಶೀರ್ವಾದಗಳು.

ಚಿನ್ನುವಿಗೆ ಶಾಲೆಯಲ್ಲಿ ನ್ಯೂಜಿಲೆಂಡಿನ ಮೂಲನಿವಾಸಿಗಳ ಮಾವೋರಿ ಭಾಷೆಯಲ್ಲಿ ಹಾಡು, ಎಣಿಕೆ ಕಲಿಸುತ್ತಾರೆ, ಅದರ ಬದಲು ಲೆಕ್ಕ ಜಾಸ್ತಿ ಹೇಳಿಕೊಡಬಾರದಾ ಅಂತ ನೀನು ಮೊನ್ನೆ ಫೋನಿನಲ್ಲಿ ಗೊಣಗಿದೆ. ನೀನು ಅವಸರದಲ್ಲಿದ್ದೆ ಅಂತ ನಾನು ಆಗ ಸುಮ್ಮನಾದೆ.

ನೀನು ಆಕ್ಲೆಂಡಿಗೆ ಹೋದಾಗಿನಿಂದ ಆ ದೇಶದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ರಿಟೈರ್ ಆದವನಿಗೆ ಇನ್ನೇನು ಕೆಲಸ? 1867ರ ಕಾಯ್ದೆ ಮಾವೋರಿ ಮಕ್ಕಳ ಶಾಲೆಗಳಿಗೆ ಇಂಗ್ಲಿಷ್ ತಂದಿತು. ಮುಂದೆ ತಮ್ಮ ಮಾತು ಆಡಿದ್ದಕ್ಕೇ ಎಷ್ಟೋ ಮಕ್ಕಳು ಏಟು ತಿಂದರು. ಅವರೇ ದೊಡ್ಡವರಾದ ಮೇಲೆ, ನಮ್ಮ ಮಕ್ಕಳಿಗೆ ಈ ಪಾಡು ಬೇಡ ಅಂತ ಮನೆಯಲ್ಲೂ ಇಂಗ್ಲಿಷ್ ಹಿಡಿದರು. ಎರಡನೇ ಮಹಾಯುದ್ಧದ ನಂತರ ಹಳ್ಳಿ ಬಿಟ್ಟು ಪಟ್ಟಣ ಸೇರಿದ ಮೇಲಂತೂ ಉಳಿದದ್ದೂ ಸವೆಯಿತು. ಆ ತಂದೆತಾಯಿಯರನ್ನು ಬೈಯಲು ನನಗೆ ಮನಸ್ಸು ಬಾರದು.

1972ರಲ್ಲಿ ಹಾನಾ ತೆ ಹೆಮಾರ ಎಂಬ ಮಾವೋರಿ ಹೋರಾಟಗಾರ್ತಿ ಮತ್ತು ಜೊತೆಯವರು ಶಾಲೆಗಳಲ್ಲಿ ಮಾವೋರಿ ಕಲಿಸಿ ಅಂತ 30,000ಕ್ಕೂ ಹೆಚ್ಚು ಸಹಿಗಳನ್ನು ಪಾರ್ಲಿಮೆಂಟಿಗೆ ಒಯ್ದರು. ನನಗೆ ಅದಕ್ಕಿಂತ ಹಿಡಿಸಿದ್ದು ಕೋಹಂಗ ರೆಯೊ ಅನ್ನುವ ಮಾವೋರಿ ಶಿಶುವಿಹಾರ. 1982ರಲ್ಲಿ ವೆಲಿಂಗ್ಟನ್ ಹತ್ತಿರದ ವೈನುಯಿಯೊಮಾಟದಲ್ಲಿ ಮೊದಲನೆಯದು ಶುರುವಾಯಿತು. ಭಾಷೆ ಬಲ್ಲ ಅಜ್ಜ ಅಜ್ಜಿಯರು ಬಂದು ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳ ಜೊತೆ ಕೂರುವುದು. ಊಟ, ಆಟ, ಗದರಿಕೆ ಎಲ್ಲ ಮಾವೋರಿಯಲ್ಲೇ. ಅವರು ಸರ್ಕಾರಕ್ಕೆ ಕಾಯಲಿಲ್ಲ ನೋಡು. ಮಾವೋರಿ ಅಧಿಕೃತ ಭಾಷೆ ಆಗಿದ್ದು 1987ರಲ್ಲಿ!

ನಿಮ್ಮ ಆಕ್ಲೆಂಡಿನಲ್ಲೇ 1984ರಲ್ಲಿ ನೈಡಾ ಗ್ಲಾವಿಶ್ ಎಂಬ ಟೆಲಿಫೋನ್ ಆಪರೇಟರ್ ಫೋನೆತ್ತಿ 'ಕಿಯಾ ಓರಾ' ಅಂತ ಮಾವೋರಿಯಲ್ಲಿ ನಮಸ್ಕಾರ ಹೇಳುತ್ತಿದ್ದರು. ಹಾಗೆ ಅನ್ನಬೇಡ ಎಂದರು ಮೇಲಿನವರು. ಆಕೆ ಬಗ್ಗಲಿಲ್ಲ. ದೇಶವೆಲ್ಲ ಗದ್ದಲವಾಗಿ ಕೊನೆಗೆ ಮೇಲಿನವರೇ ಒಪ್ಪಬೇಕಾಯಿತು. ಈಗ ನಿನ್ನ ಆಫೀಸಿನ ಈಮೇಲುಗಳೇ ಹಾಗೆ ಶುರುವಾಗುತ್ತವೆ ಅಂದಿದ್ದೆ, ಅಲ್ವಾ?

ಆದ್ದರಿಂದ ಚಿನ್ನು ಮನೆಗೆ ಬಂದು ಹಾಡಿದರೆ ನೀನೂ ಜೊತೆಗೆ ಹಾಡು. ಅಲ್ಲಿನ ಊರ ಹೆಸರುಗಳನ್ನು ಮೊಟಕು ಮಾಡದೆ ಹೇಳು. ಕಾಗುಣಿತ ಕಲಿತವಳಿಗೆ ಅವರ ಹ್ರಸ್ವ ದೀರ್ಘ ಏನು ಕಷ್ಟ?

ಇನ್ನೊಂದು ಮಾತು, ಕೋಪ ಮಾಡಿಕೊಳ್ಳಬೇಡ. ಕನ್ನಡವನ್ನು ಭಾನುವಾರದ ಕ್ಲಾಸಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದೀಯ. ಮನೆಯಲ್ಲಿ ಅವನನ್ನು ಗದರುವುದೂ ಇಂಗ್ಲಿಷಿನಲ್ಲೇ. ಶನಿವಾರ ವಿಡಿಯೋ ಕಾಲ್ ಮಾಡಿ ಫೋನನ್ನು ಅವನ ಕೈಗೆ ಕೊಟ್ಟು ನೀನು ಅಡುಗೆಮನೆಗೆ ಹೋಗು. ಮಧ್ಯೆ ಬಂದು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಬೇಡ. ನಾನು ಹೇಳುವ ಕಥೆ ತಿಳಿಯದಿದ್ದರೆ ಅವನೇ ನನ್ನನ್ನು ಕೇಳಲಿ.

ಇತಿ ನಿನ್ನ ಸೋದರಮಾವ