ಮಕ್ಕಳ ಯೋಗಕ್ಷೇಮ ಕಾರ್ಯಕ್ರಮ: ಪೋಷಕರ ಗಮನಕ್ಕೆ

ಎಲ್ಲ ಪೋಷಕರಿಗೂ ನಮಸ್ಕಾರ.

ಬರುವ ಸೋಮವಾರದಿಂದ ನಮ್ಮ ಶಾಲೆಯ ಆರನೆಯ ತರಗತಿ ಮತ್ತು ಮೇಲಿನ ಮಕ್ಕಳಿಗೆ ಪ್ರತಿದಿನ ಕೊನೆಯ ಅವಧಿಯಲ್ಲಿ ಆಟವನ್ನೂ, ಬುಧವಾರಗಳಂದು ಆಪ್ತಸಮಾಲೋಚಕರೊಂದಿಗೆ ಮಾತುಕತೆಯನ್ನೂ ಏರ್ಪಡಿಸಲಾಗಿದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೂರದಿಂದ ನಡೆದು ಬರುವ ಮಕ್ಕಳಿಗೆ ಅದರಲ್ಲೊಂದು ಪಾಲು ದಾರಿಯಲ್ಲೇ ಸಂದುಹೋಗುತ್ತದೆ ಎನ್ನುವುದು ಬೇರೆ ಮಾತು.

ಮಗು ನಿದ್ದೆಗೆಡುವುದು, ಊಟ ಬಿಡುವುದು, ಗೆಳೆಯರಿಂದ ದೂರ ಸರಿಯುವುದು ಎರಡು ವಾರ ಮೀರಿ ಮುಂದುವರಿದಿದ್ದರೆ, ಅದನ್ನು ಈ ಗುಂಪಿನಲ್ಲಿ ಬರೆಯದೆ ತರಗತಿ ಶಿಕ್ಷಕರಿಗೆ ನೇರವಾಗಿ ತಿಳಿಸಬೇಕೆಂದು ವಿನಂತಿ.

ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಶುಕ್ರವಾರದೊಳಗೆ ಕಳುಹಿಸಿರಿ. ಬುಧವಾರ ಮಕ್ಕಳು ಅರ್ಧ ಗಂಟೆ ತಡವಾಗಿ ಹೊರಡುವುದರಿಂದ, ಅವರನ್ನು ಕರೆದೊಯ್ಯುವವರು ಯಾರೆಂಬುದನ್ನು ದಯವಿಟ್ಟು ಇಲ್ಲಿಯೇ ತಿಳಿಸಿರಿ.