ಮಗಳಿಗೊಂದು ಪತ್ರ: ಸ್ಕಾಲರ್‌ಶಿಪ್ ಅರ್ಜಿ ಹಾಕುವ ಮುಂಚೆ

ಪ್ರೀತಿಯ ಪುಟ್ಟಿ,

ಡಿಗ್ರಿಗೆ ಸೇರಿದ ಮೇಲೆ ಸ್ಕಾಲರ್‌ಶಿಪ್ ಅರ್ಜಿ ಹಾಕಲೇಬೇಕು. ಅರ್ಜಿ ತುಂಬುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಎಲ್ಲ ಅರ್ಹತೆಯಿದ್ದೂ ಕಾಗದಪತ್ರ ಒಂದಕ್ಕೊಂದು ತಾಳೆಯಾಗದೆ ಎಷ್ಟೋ ಮಕ್ಕಳ ಹಣ ನಿಂತುಹೋಗುತ್ತದೆ. ಹಾಗಾಗಿ ಮೊದಲು ಅವನ್ನು ಸರಿಮಾಡಿಕೋ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮತ್ತು ಆಧಾರ್ ಕಾರ್ಡನ್ನು ಅಕ್ಕಪಕ್ಕ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ನೋಡು. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುವುದು ಸಾಮಾನ್ಯ. ವ್ಯತ್ಯಾಸವಿದ್ದರೆ ಈಗಲೇ ಆಧಾರ್ ಕೇಂದ್ರಕ್ಕೆ ಹೋಗಿ ತಿದ್ದಿಸು. ಕೊನೇ ದಿನಾಂಕ ಹತ್ತಿರ ಬಂದಾಗ ಅಲ್ಲಿ ಸರತಿ ಉದ್ದವಾಗಿರುತ್ತದೆ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಚಾಲ್ತಿಯಲ್ಲಿರಲಿ, ಒಟಿಪಿ ಬರುವುದು ಅದಕ್ಕೇ.

ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಪಡೆಯಬೇಕು. ಅದರಲ್ಲಿ ಆರ್‌ಡಿ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ರಾಜ್ಯದ ಸ್ಕಾಲರ್‌ಶಿಪ್ ಅರ್ಜಿ ಹಾಕುವ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್ ಆ ಸಂಖ್ಯೆಯಿಂದಲೇ ನಿನ್ನ ಜಾತಿ, ಆದಾಯದ ವಿವರ ಎಳೆದುಕೊಳ್ಳುತ್ತದೆ. ಪ್ರಮಾಣಪತ್ರ ನಿನ್ನ ಹೆಸರಿನಲ್ಲೇ ಇರಬೇಕು. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಅವಧಿ, ಆದ್ದರಿಂದ ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿ ಮುಗಿಯುವ ಮೊದಲೇ ಮುಗಿದಿರುತ್ತದೆ.

ಆದಾಯದ ಮಿತಿ ಯೋಜನೆಯಿಂದ ಯೋಜನೆಗೆ ಬೇರೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಿರುವ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಹಿಂದುಳಿದ ವರ್ಗಗಳಿಗಾದರೆ ಆ ವರ್ಷದ ಪ್ರಕಟಣೆಯಲ್ಲಿ ನಿನ್ನ ಪ್ರವರ್ಗದ ಎದುರಿಗಿರುವ ಅಂಕಿಯನ್ನೇ ನೋಡು, ಗೆಳತಿಯ ಮಾತು ಕೇಳಿ ಬಿಡಬೇಡ.

ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂದಿದ್ದರೆ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿರುವ ಕೇಂದ್ರ ವಲಯದ ಯೋಜನೆಯನ್ನೂ ನೋಡು. ಇದಕ್ಕೆ ಜಾತಿ ಮುಖ್ಯವಲ್ಲ. ಬೋರ್ಡಿನಲ್ಲಿ ನಿನ್ನ ವಿಭಾಗದಲ್ಲಿ (ಕಲೆ, ವಾಣಿಜ್ಯ, ವಿಜ್ಞಾನ) ಪಾಸಾದವರ ಪೈಕಿ ಮೇಲಿನ ಶೇಕಡಾ 20ರೊಳಗೆ ಇರಬೇಕು, ಕುಟುಂಬದ ಆದಾಯ 4.5 ಲಕ್ಷದೊಳಗಿರಬೇಕು, ರೆಗ್ಯುಲರ್ ಕೋರ್ಸ್ ಆಗಿರಬೇಕು. ಡಿಗ್ರಿಯ ಮೊದಲ 3 ವರ್ಷ ವರ್ಷಕ್ಕೆ 12,000 ರೂಪಾಯಿ. ಅರ್ಧದಷ್ಟು ಹುಡುಗಿಯರಿಗೇ ಮೀಸಲು. ಮುಂದಿನ ವರ್ಷ ನವೀಕರಿಸಲು ಶೇ. 50 ಅಂಕ, ಶೇ. 75 ಹಾಜರಿ ಬೇಕು. ಬೇರೆ ಸ್ಕಾಲರ್‌ಶಿಪ್ ಪಡೆಯುತ್ತಿದ್ದರೆ ಇದು ಸಿಗುವುದಿಲ್ಲ, ಅದಕ್ಕೇ ಎರಡನ್ನೂ ಲೆಕ್ಕ ಹಾಕಿ ಒಂದನ್ನು ಆರಿಸು. ಎಂಜಿನಿಯರಿಂಗ್‌ನಂಥ ತಾಂತ್ರಿಕ ಕೋರ್ಸಿಗೆ ಸೇರುವ ಹುಡುಗಿಯರಿಗೆ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇಯ ಪ್ರಗತಿ ಯೋಜನೆ ಇದೆ: ವರ್ಷಕ್ಕೆ 50,000 ರೂಪಾಯಿ, ಆದಾಯದ ಮಿತಿ 8 ಲಕ್ಷ.

ಈಗ ಬ್ಯಾಂಕಿನ ವಿಷಯ, ಇದನ್ನು ನಿಧಾನವಾಗಿ ಓದು. ಬ್ಯಾಂಕಿಗೆ ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಸ್ಕಾಲರ್‌ಶಿಪ್ ಬರುವುದಿಲ್ಲ. ಅದು ಬರೀ ಕೆವೈಸಿ, ಅಂದರೆ ನಿನ್ನ ಗುರುತಿನ ಪರಿಶೀಲನೆ. ನೇರ ನಗದು ವರ್ಗಾವಣೆಗೆ ಖಾತೆಯನ್ನು ಎನ್‌ಪಿಸಿಐ ಮ್ಯಾಪರ್‌ನಲ್ಲಿ (ಯಾವ ಆಧಾರ್‌ಗೆ ಯಾವ ಬ್ಯಾಂಕು ಎಂದು ದಾಖಲಿಸುವ ರಾಷ್ಟ್ರೀಯ ಪಟ್ಟಿ) ಆಧಾರ್‌ಗೆ ಜೋಡಿಸಿರಬೇಕು. ಆ ಜೋಡಣೆ ಒಂದು ಸಲಕ್ಕೆ ಒಂದೇ ಖಾತೆಗೆ. ಹೊಸದಾಗಿ ಇನ್ನೊಂದು ಬ್ಯಾಂಕಿನಲ್ಲಿ ಜೋಡಿಸಿದರೆ ಹಳೆಯದು ತಾನಾಗಿ ಬಿಟ್ಟುಹೋಗಿ ಹಣ ಹೊಸದಕ್ಕೆ ಹೋಗುತ್ತದೆ. ಹಾಗಾಗಿ ‘ಹಣ ಬಂದಿಲ್ಲ’ ಎಂದು ಅಳುವ ಮುಂಚೆ ನಿನ್ನ ಬೇರೆ ಖಾತೆಯ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡು. ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ಜಾಲತಾಣದಲ್ಲಿ ಲಾಗಿನ್ ಆಗಿ ಬ್ಯಾಂಕ್ ಸೀಡಿಂಗ್ (ಈ ಜೋಡಣೆ) ಸ್ಥಿತಿ ತೆರೆದರೆ ಯಾವ ಬ್ಯಾಂಕು, ಚಾಲ್ತಿಯಲ್ಲಿದೆಯೋ ಇಲ್ಲವೋ ಎರಡೂ ಕಾಣುತ್ತದೆ. ವಹಿವಾಟಿಲ್ಲದೆ ನಿಷ್ಕ್ರಿಯವಾದ ಖಾತೆಯಾದರೆ ಬ್ಯಾಂಕಿಗೆ ಹೋಗಿ ಮತ್ತೆ ಚಾಲೂ ಮಾಡಿಸು.

ಹಾಸ್ಟೆಲ್‌ನಲ್ಲಿದ್ದೀಯೋ ಮನೆಯಿಂದ ಓಡಾಡುತ್ತೀಯೋ ಎಂಬ ಕಲಂನಲ್ಲಿ ನಿಜ ಬರಿ. ಮೊತ್ತ ಅದರ ಮೇಲೆ ಬದಲಾಗುತ್ತದೆ. ಸರ್ಕಾರಿ ಹಾಸ್ಟೆಲ್‌ನಲ್ಲಿ ಸೀಟು ಸಿಕ್ಕವರಿಗೆ ರಾಜ್ಯದ ವಿದ್ಯಾಸಿರಿ ಯೋಜನೆಯ ಊಟ, ವಸತಿ ನೆರವು ಇಲ್ಲ.

ಅರ್ಜಿ ಸಲ್ಲಿಸಿದ ಮೇಲೆ ಅದರ ಪ್ರತಿಯನ್ನು ಪ್ರಿಂಟ್ ತೆಗೆದು, ದಾಖಲೆಗಳ ಜೆರಾಕ್ಸ್ ಸೇರಿಸಿ ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗಕ್ಕೆ ಕೊಡು. ಕಾಲೇಜಿನವರು ಪರಿಶೀಲಿಸಿ ಮುಂದಕ್ಕೆ ಕಳಿಸದಿದ್ದರೆ ಅರ್ಜಿ ಅಲ್ಲೇ ಕೂತಿರುತ್ತದೆ. ಹದಿನೈದು ದಿನಕ್ಕೊಮ್ಮೆ ಲಾಗಿನ್ ಆಗಿ ಸ್ಥಿತಿ ನೋಡುತ್ತಿರು. ತಿದ್ದುಪಡಿಗೆ ವಾಪಸ್ ಬಂದಿದ್ದರೆ ಅದೇ ದಿನ ಸರಿಪಡಿಸಿ ಮತ್ತೆ ಸಲ್ಲಿಸು. ನಾಡಕಚೇರಿಗೆ ಹೋಗುವ ದಿನ ನನಗೊಂದು ಫೋನ್ ಮಾಡು, ರೇಷನ್ ಕಾರ್ಡ್ ಕಳಿಸಿಕೊಡುತ್ತೇನೆ.

ನಿನ್ನ ಪ್ರೀತಿಯ,
ಅಮ್ಮ